ಮಾರ್ಚ್ 31ರಂದು ಬೀಸುವ ಗಾಳಿ

ಮಳೆ ಹಿಡಿದರೆ ಸಾಕು, ಪುಣೆಯ ಕನ್ನಡಿಗರ ಗಾಡಿಗಳು ಸಾತಾರಾ ಕಡೆ ತಿರುಗುತ್ತವೆ. ಠೋಸೆಘರ್ ಜಲಪಾತ ನೋಡಿಕೊಂಡು ಚಾಳಕೆವಾಡಿಯ ಬಯಲಿಗೆ ಹತ್ತಿದರೆ ಸಾಲು ಸಾಲು ಗಾಳಿಯಂತ್ರ. ಮಂಜಿನೊಳಗಿಂದ ಒಂದು ರೆಕ್ಕೆ ಇಳಿದು ಬರುತ್ತದೆ, ಭರ್ ಅಂತ ಸದ್ದು ಮಾಡಿ ಮಾಯವಾಗುತ್ತದೆ. ಕೈಯಲ್ಲಿದ್ದ ಛತ್ರಿ ಉಲ್ಟಾ. ಎಲ್ಲರೂ ಸೆಲ್ಫಿಗೆ ಹಲ್ಲು ಕಿರಿಯುತ್ತಿದ್ದರೆ, ಜೊತೆಗೆ ಬಂದಿದ್ದ ಧಾರವಾಡ ಕಡೆಯ ಆಡಿಟರ್ ಸಾಹೇಬರು ತಲೆ ಎತ್ತಿ ನೋಡಿ ಹೇಳಿದರು: "ಇವು ಎಲ್ಲಾ ಗಾಳಿ ಸಲುವಾಗಿ ನಿಂತಾವ ಅಂತ ತಿಳ್ಕೊಂಡೀರೇನ್ರೀ? ಎಷ್ಟೋ ಇನ್‌ಕಮ್ ಟ್ಯಾಕ್ಸ್ ಸಲುವಾಗಿ ನಿಂತಾವ."

ಸುಮ್ನೆ ಆಡಿದ ಮಾತಲ್ಲ. 90ರ ದಶಕದಲ್ಲಿ ಗಾಳಿಯಂತ್ರಕ್ಕೆ ಮೊದಲ ವರ್ಷವೇ 100 ಪರ್ಸೆಂಟ್ ಡಿಪ್ರೀಸಿಯೇಶನ್ ಇತ್ತು, ಅಂದರೆ ಯಂತ್ರ ಸವೆಯುತ್ತದೆ ಅಂತ ಅದರ ಬೆಲೆಯನ್ನು ತೆರಿಗೆ ಕಟ್ಟುವ ಲಾಭದಿಂದ ಕಳೆಯುವ ಸವಲತ್ತು. ಆಮೇಲೆ ಅದು 80 ಆಯಿತು. 100 ಇದ್ದಾಗಿನ ಲೆಕ್ಕ ನೋಡಿ: ಒಂದು ಕೋಟಿ ಲಾಭ ಬಂತಾ? ಒಂದು ಕೋಟಿಯ ಫ್ಯಾನು ಕೊಳ್ಳಿ. ಲಾಭ ಕಾಗದದ ಮೇಲಿಂದ ಹಾರಿಹೋಗುತ್ತದೆ. ಅದಕ್ಕೆ ಬೇರೆ ಗಾಳಿ ಬೇಡ, ಅಲ್ವಾ? ಬಟ್ಟೆ ಮಾರುವವರು, ಎಣ್ಣೆ ತೆಗೆಯುವವರು, ಸಿನಿಮಾದವರು, ಎಲ್ಲರಿಗೂ ಒಮ್ಮೆಲೇ ಪರಿಸರದ ಮೇಲೆ ಪ್ರೀತಿ ಉಕ್ಕಿತು. ಈ ಪ್ರೀತಿ ಉಕ್ಕುತ್ತಿದ್ದುದು ಮಾತ್ರ ವರ್ಷಕ್ಕೆ ಎರಡೇ ಸಲ.

ಯಾಕೆ ಅಂದರೆ ಕಾನೂನಿನಲ್ಲಿ ಒಂದು ಲೆಕ್ಕವಿದೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಆರ್ಥಿಕ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಓಡಿದ ಯಂತ್ರಕ್ಕೆ ಅರ್ಧ ಡಿಪ್ರೀಸಿಯೇಶನ್. ಪೂರ್ತಿ ಬೇಕಾದವರು ಸೆಪ್ಟೆಂಬರ್ ಕೊನೆಗೆ ಚಾಲೂ ಮಾಡಬೇಕು. ಸಹ್ಯಾದ್ರಿಯಲ್ಲಿ ಜೋರು ಗಾಳಿ ಜೂನ್‌ನಿಂದ ಸೆಪ್ಟೆಂಬರ್. ಅಂದರೆ ಗಾಳಿ ಘಟ್ಟ ಇಳಿದು ಹೋಗುವ ಹೊತ್ತಿಗೆ ಫ್ಯಾನು ಘಟ್ಟ ಹತ್ತಿ ಬರುತ್ತಿತ್ತು! ಅದೂ ತಪ್ಪಿದರೆ ಮಾರ್ಚ್ 31. ಆ ಸಂಜೆ ಚಾಲೂ ಆಯಿತು ಅಂತ ಸರ್ಟಿಫಿಕೇಟ್ ಸಿಕ್ಕರೆ, ಒಂದೇ ದಿನಕ್ಕೆ 80ರ ಅರ್ಧ, 40 ಪರ್ಸೆಂಟ್ ಸಿಗುತ್ತಿತ್ತು. ಇಷ್ಟು ಫಲ ಕೊಡುವ ಗಾಳಿ ಡೆನ್ಮಾರ್ಕಿನಲ್ಲೂ ಬೀಸುವುದಿಲ್ಲ.

2012ರ ಏಪ್ರಿಲ್‌ನಲ್ಲಿ ಸರ್ಕಾರ ಈ ಸವಲತ್ತು ಕಿತ್ತುಕೊಂಡಿತು. ಅದರ ಹಿಂದಿನ ವರ್ಷ ದೇಶದಲ್ಲಿ ಸುಮಾರು 3,200 ಮೆಗಾವ್ಯಾಟ್ ಗಾಳಿಯಂತ್ರ ಎದ್ದಿದ್ದವು. ಆ ವರ್ಷ ಸುಮಾರು 1,700. ಪಶ್ಚಿಮ ಘಟ್ಟದ ಗಾಳಿ ಕಮ್ಮಿ ಆಗಿತ್ತೇ? ಇಲ್ಲಪ್ಪ, ಬಜೆಟ್ಟಿನ ಗಾಳಿ ದಿಕ್ಕು ಬದಲಿಸಿತ್ತು ಅಷ್ಟೇ. 2014ರಲ್ಲಿ ಸವಲತ್ತು ಮರಳಿತು, ಪರಿಸರ ಪ್ರೇಮವೂ ಮರಳಿತು. 2017ರಿಂದ ಅದಕ್ಕೆ 40ರ ಮಿತಿ.

ಗಾಳಿಯಂತ್ರ ಕೆಟ್ಟದ್ದು ಅಂತ ಯಾರೂ ಹೇಳುತ್ತಿಲ್ಲ. ಮೋಡ ಕವಿದು ಸೋಲಾರ್ ಮಂಕಾದಾಗ, ಸೂರ್ಯ ಮುಳುಗಿ ಮನೆಮನೆಯ ಲೈಟು ಹತ್ತುವಾಗ ಕೈ ಹಿಡಿಯುವುದು ಇದೇ ಗಾಳಿ. ಆದರೆ ನಮಗೆ ನಿಜಕ್ಕೂ ತಯಾರಾದ ಕರೆಂಟಿನ ಯೂನಿಟ್ಟಿಗಿಂತ, ಯಂತ್ರದ ಸಾಮರ್ಥ್ಯ ಹೇಳುವ ಮೆಗಾವ್ಯಾಟಿನ ಹುಚ್ಚು ಜಾಸ್ತಿ. 2025ರಲ್ಲಿ ದೇಶದ ವಿದ್ಯುತ್ ಸಾಮರ್ಥ್ಯದ ಅರ್ಧ ಕಲ್ಲಿದ್ದಲು, ಗ್ಯಾಸ್ ಇಲ್ಲದ್ದು ಅಂತ ಢಂಗುರ ಹೊಡೆದೆವು. ಆದರೆ ಆ ವರ್ಷ ತಯಾರಾದ ಕರೆಂಟಿನಲ್ಲಿ ಕಲ್ಲಿದ್ದಲಿನ ಪಾಲು ಸುಮಾರು 70 ಪರ್ಸೆಂಟ್ ಇತ್ತು. ಅದು ಢಂಗುರದವನ ಇಲಾಖೆಯಲ್ಲ.

ಆಡಿಟರ್ ಸಾಹೇಬರ ಹತ್ತಿರ ಒಮ್ಮೆ ಒಬ್ಬ ಯಜಮಾನರು ಫ್ಯಾನು ಕೊಳ್ಳುವ ಫೈಲು ಹಿಡಿದು ಬಂದಿದ್ದರಂತೆ. ಸಹಿ ಎಲ್ಲಾ ಮುಗಿದ ಮೇಲೆ, ಹೊರಡುವಾಗ ಕೇಳಿದರಂತೆ: "ಹೌದು ಸಾಹೇಬ್ರ, ಅಲ್ಲಿ ಗಾಳಿ ಹೆಂಗದ?"

"ಅದನ್ನ ಇಲ್ಲೇ ಪುಣೆ ಶಿವಾಜಿನಗರದ ಸಿಮ್ಲಾ ಆಫೀಸಿನಾಗ ಹವಾಮಾನದವ್ರನ್ನ ಕೇಳ್ರಿ."

"ಬ್ಯಾಡ ಬಿಡ್ರಿ, ಅಷ್ಟ ದೂರ ಯಾರು ಹೋಗ್ತಾರ," ಅಂದು ಯಜಮಾನರು ಕಾರು ಹತ್ತಿದರಂತೆ.