ಸತ್ಯ ಕೇಳಲು ಕಡಲು ದಾಟಿದವರು

ಸ್ವಂತ ಸರ್ಕಾರದ ಮೇಲಿನ ದೂರು ಹಿಡಿದು ಬೇರೆ ದೇಶದ ಸಂಸದರ ಹತ್ತಿರ ಹೋದವರನ್ನು "ದೇಶದ ಮಾನ ಕಳೆದರು" ಎಂದು ಬೈಯುವವರು ಎಲ್ಲ ಕಡೆಯೂ ಇದ್ದಾರೆ. ನಾನು ಆ ಮಾತನ್ನು ಒಪ್ಪುವುದಿಲ್ಲ. ಯಾಕೆ ಅಂತ ಹೇಳಲು ಬ್ರಿಟನ್ ಆಳ್ವಿಕೆಯಲ್ಲಿರುವ ಉತ್ತರ ಐರ್ಲೆಂಡಿನ ಜೆರಾಲ್ಡಿನ್ ಫಿನುಕೇನ್ ಅವರ ವಿಷಯ ಹೇಳಬೇಕು.

1989ರ ಫೆಬ್ರವರಿ 12, ಭಾನುವಾರ. ಬೆಲ್‌ಫಾಸ್ಟ್‌ನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು. ಬಂದೂಕುಧಾರಿಗಳು ಒಳಗೆ ನುಗ್ಗಿ ವಕೀಲ ಪ್ಯಾಟ್ ಫಿನುಕೇನ್ ಅವರಿಗೆ 14 ಗುಂಡು ಹೊಡೆದರು. ಹೆಂಡತಿ ಜೆರಾಲ್ಡಿನ್‌ಗೂ ಗಾಯವಾಯಿತು. ಮೂವರು ಮಕ್ಕಳು ಅಲ್ಲೇ ಇದ್ದರು. ಇದಕ್ಕೆ ಕೆಲವೇ ವಾರ ಮೊದಲು ಡಗ್ಲಸ್ ಹಾಗ್ ಎಂಬ ಮಂತ್ರಿ ಬ್ರಿಟಿಷ್ ಸಂಸತ್ತಿನಲ್ಲಿ, ಉತ್ತರ ಐರ್ಲೆಂಡಿನ ಕೆಲವು ವಕೀಲರಿಗೆ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಸಶಸ್ತ್ರ ಗುಂಪಾದ ಐಆರ್‌ಎ ಮೇಲೆ ಅತಿಯಾದ ಸಹಾನುಭೂತಿ ಇದೆ ಎಂದಿದ್ದರು.

ಕೊಂದದ್ದು ಯುಡಿಎ ಎಂಬ ಲಾಯಲಿಸ್ಟ್, ಅಂದರೆ ಬ್ರಿಟನ್ ಜೊತೆಗೇ ಇರಬೇಕೆನ್ನುವವರ, ಸಶಸ್ತ್ರ ಗುಂಪು. ಆದರೆ ಆ ಗುಂಪಿಗೆ ಮಾಹಿತಿ ಒದಗಿಸುತ್ತಿದ್ದ ಬ್ರಯಾನ್ ನೆಲ್ಸನ್ ಬ್ರಿಟಿಷ್ ಸೇನೆಯ ಏಜೆಂಟ್. ಬಂದೂಕು ಒದಗಿಸಿದ ವಿಲಿಯಂ ಸ್ಟೋಬಿ ಪೊಲೀಸರ ಮಾಹಿತಿದಾರ. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಕೊಡೋದು ಯಾರಿಗೆ? ತನಿಖೆ ಮಾಡಬೇಕಾದವರೇ ಆರೋಪಿಯ ಕಡೆಯವರು. ಬೇಕಾದ ಕಡತಗಳೂ ಅವರ ಕೈಯಲ್ಲೇ.

ಅದಕ್ಕೇ ಈ ಕುಟುಂಬ ಹೊರಗೆ ಹೋಯಿತು. ನೆರೆಯ ಐರ್ಲೆಂಡ್ ದೇಶದ ರಾಜಧಾನಿ ಡಬ್ಲಿನ್‌ಗೆ ಹೋದರು, ವಾಷಿಂಗ್ಟನ್‌ಗೆ ಹೋದರು. ಅಮೆರಿಕ ಕಾಂಗ್ರೆಸ್ಸಿನ ಸದಸ್ಯರ ಮುಂದೆ ಕೂತು ಜೆರಾಲ್ಡಿನ್ ಗಂಡನ ಸಾವನ್ನು ಮತ್ತೆ ಮತ್ತೆ ಹೇಳಿದರು. ಅದು ಎಷ್ಟು ಕಷ್ಟದ ಕೆಲಸ ಅಂತ ಬೈಯುವವರು ಒಮ್ಮೆ ಯೋಚಿಸಬೇಕು.

ಕೇಳಿಸಿಕೊಂಡವರಿಗೂ ಲೆಕ್ಕಾಚಾರ ಇರುತ್ತದೆ, ನಿಜ. ಅಮೆರಿಕದಲ್ಲಿ ಐರಿಷ್ ಮೂಲದ ಮತಗಳು ಸಾಕಷ್ಟಿವೆ. ಇರಲಿ. ಆ ಲೆಕ್ಕಾಚಾರದಿಂದ ಒಬ್ಬ ವಿಧವೆಗೆ ಸತ್ಯ ಸಿಗುವುದಾದರೆ ನನಗೆ ಅದರ ಬಗ್ಗೆ ತಕರಾರಿಲ್ಲ.

ಆದರೆ ಹೊರಗಿನವರು ಕಿವಿಗೊಟ್ಟ ಮಾತ್ರಕ್ಕೆ ಜೀವಕ್ಕೆ ರಕ್ಷಣೆ ಸಿಗುವುದಿಲ್ಲ. ಉತ್ತರ ಐರ್ಲೆಂಡಿನದೇ ಲರ್ಗನ್ ಊರಿನ ವಕೀಲೆ ರೋಸ್‌ಮೇರಿ ನೆಲ್ಸನ್, ಪೊಲೀಸರಿಂದಲೇ ತನಗೆ ಬೆದರಿಕೆ ಇದೆ ಎಂದು 1998ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಕಾಂಗ್ರೆಸ್ಸಿನ ಸಮಿತಿ ಮುಂದೆ ಹೇಳಿದ್ದರು. 1999ರ ಮಾರ್ಚ್ 15ರಂದು ಕಾರ್ ಬಾಂಬ್‌ಗೆ ಬಲಿಯಾದರು. ಸರ್ಕಾರ ನೇರವಾಗಿ ಕೈಜೋಡಿಸಿದ್ದಕ್ಕೆ ಪುರಾವೆ ಇಲ್ಲ, ಆದರೆ ಅವರನ್ನು ಕಾಪಾಡುವುದರಲ್ಲಿ ಸೋತಿತು ಎಂದು 2011ರ ವಿಚಾರಣಾ ವರದಿ ಹೇಳಿತು.

ಫಿನುಕೇನ್ ವಿಷಯದಲ್ಲಿ ಒತ್ತಡ ಸ್ವಲ್ಪ ಕೆಲಸ ಮಾಡಿತು. 2001ರಲ್ಲಿ ಬ್ರಿಟನ್ ಮತ್ತು ಐರ್ಲೆಂಡ್ ಸರ್ಕಾರಗಳು ಹೊರದೇಶದ ನ್ಯಾಯಾಧೀಶರೊಬ್ಬರಿಂದ ಪರಿಶೀಲನೆ ಮಾಡಿಸಲು ಒಪ್ಪಿದವು. ಅವರು ಹೇಳಿದರೆ ಬಹಿರಂಗ ವಿಚಾರಣೆ ಮಾಡುತ್ತೇವೆ ಎಂದು ಮಾತು ಕೊಟ್ಟವು. ಕೆನಡಾದ ಪೀಟರ್ ಕೋರಿ ಕಡತಗಳನ್ನು ನೋಡಿ, ವಿಚಾರಣೆ ಬೇಕೇ ಬೇಕು ಎಂದರು. ಆಮೇಲೆ ಬ್ರಿಟನ್ ಮಾಡಿದ್ದೇನು? 2005ರಲ್ಲಿ ಹೊಸ ಕಾನೂನು ತಂದು, ಯಾವುದು ಹೊರಗೆ ಬರಬಾರದು ಎಂದು ನಿರ್ಬಂಧಿಸುವ ಅಧಿಕಾರವನ್ನು ಮಂತ್ರಿಗಳಿಗೆ ಕೊಟ್ಟಿತು. ಕುಟುಂಬ ಅಂಥ ವಿಚಾರಣೆಯನ್ನು ಒಪ್ಪಲಿಲ್ಲ. ಸರಿಯಾಗಿಯೇ ಮಾಡಿದರು. 2006ರಲ್ಲಿ ಅಮೆರಿಕದ ಪ್ರತಿನಿಧಿ ಸಭೆ ಅವರ ಪರವಾಗಿ ನಿರ್ಣಯ ಮಾಡಿತು.

2012ರಲ್ಲಿ, ಬ್ರಿಟಿಷ್ ಸರ್ಕಾರವೇ ಕಡತಗಳ ಪರಿಶೀಲನೆ ಮಾಡಿಸಿದ ಡಿ ಸಿಲ್ವಾ ವರದಿ ಬಂತು. ಎಲ್ಲ ಸೇರಿ ಹೂಡಿದ ದೊಡ್ಡ ಸಂಚು ಇರಲಿಲ್ಲ, ಆದರೆ ಸರ್ಕಾರಿ ವ್ಯವಸ್ಥೆಯ ಕೆಲವರ ಪಾತ್ರ ಇಲ್ಲದಿದ್ದರೆ ಈ ಕೊಲೆ ಆಗುತ್ತಿತ್ತೇ ಅನ್ನುವುದೇ ಅನುಮಾನ ಎಂದಿತು. ಪ್ರಧಾನಿ ಕ್ಯಾಮರಾನ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ವಿಚಾರಣೆ ಮಾತ್ರ ಕೊಡಲಿಲ್ಲ! ತಪ್ಪಾಯಿತು ಅಂತೀರಿ, ಯಾರು ಮಾಡಿದರು ಅಂತ ಕೇಳಿದರೆ ಬಾಗಿಲು ಹಾಕುತ್ತೀರಿ. ಇದೆಂಥ ಕ್ಷಮೆ?

2019ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟೇ ಇದುವರೆಗಿನ ತನಿಖೆಗಳು ಸಾಲದು ಎಂದಿತು. ಕೊನೆಗೆ 2024ರ ಸೆಪ್ಟೆಂಬರ್ 11ರಂದು ಮಂತ್ರಿ ಹಿಲರಿ ಬೆನ್ ಬಹಿರಂಗ ವಿಚಾರಣೆ ಘೋಷಿಸಿದರು. ಕೊಲೆಯಾಗಿ 35 ವರ್ಷ ಕಳೆದಿತ್ತು. ಬ್ರಯಾನ್ ನೆಲ್ಸನ್, ಸ್ಟೋಬಿ ಇಬ್ಬರೂ ಸತ್ತು 20 ವರ್ಷ ದಾಟಿತ್ತು. ಈ ವಿಚಾರಣೆ ನಡೆಯುವುದೂ ಅದೇ 2005ರ ಕಾನೂನಿನ ಅಡಿಯಲ್ಲೇ. ಹಾಗಾಗಿ ಮಂತ್ರಿಗಳು ಯಾವ ಕಾಗದ ಮುಚ್ಚಿಡುತ್ತಾರೆ ಅನ್ನುವುದರ ಮೇಲೆ ಡಬ್ಲಿನ್, ವಾಷಿಂಗ್ಟನ್ನಿನ ಕಣ್ಣು ಈಗಲೂ ಇರಬೇಕು.