‘ನಾಳೆ ಬಾ’ ಎನ್ನದ ಮನೆ

“ಅಪ್ಪಾ, ನಮ್ಮ ಕೊಪ್ಪದ ಮನೆಯಲ್ಲಿ ಯಾವ ಮಕ್ಕಳಿದ್ದಾರೆ?”

ಇಂಗ್ಲೆಂಡಿನ ಹೆಮಿಂಗ್‌ಫರ್ಡ್ ಗ್ರೇ ಎಂಬ ಹಳ್ಳಿಯಿಂದ ಕೇಂಬ್ರಿಜ್‌ಗೆ ಹಿಂತಿರುಗುವಾಗ ಒಂಬತ್ತು ವರ್ಷದ ಮಗಳು ಕಾರಿನ ಹಿಂದಿನ ಸೀಟಿನಿಂದ ಕೇಳಿದಳು. ಮಕ್ಕಳು ಯಾರೂ ಇಲ್ಲ, ಎಲ್ಲರೂ ಬೆಂಗಳೂರು ಸೇರಿದ್ದಾರಲ್ಲ ಎಂದೆ. “ಬದುಕಿರುವವರಲ್ಲ” ಎಂದಳು, ದಡ್ಡನಿಗೆ ಬಿಡಿಸಿ ಹೇಳುವ ದನಿಯಲ್ಲಿ.

ಅವಳು ಆಗಷ್ಟೇ ನೋಡಿ ಬಂದ ಮನೆಯೇ ಅಂಥದ್ದು. ಲೂಸಿ ಬಾಸ್ಟನ್ 1954ರಲ್ಲಿ, ಅರವತ್ತು ದಾಟಿದ ಮೇಲೆ ಬರೆದ ‘ದಿ ಚಿಲ್ಡ್ರನ್ ಆಫ್ ಗ್ರೀನ್ ನೋ’ ಕಥೆ ನಡೆಯುವುದು ಆ ಮನೆಯಲ್ಲಿ. ಟಾಲಿ ಎಂಬ ಹುಡುಗನಿಗೆ ತಾಯಿಯಿಲ್ಲ, ತಂದೆ ಎರಡನೆಯ ಹೆಂಡತಿಯೊಂದಿಗೆ ಬರ್ಮಾದಲ್ಲಿ. ಕ್ರಿಸ್‌ಮಸ್ ರಜೆಗೆ ಮುತ್ತಜ್ಜಿಯ ಮನೆಗೆ ಬರುವಾಗ ಸುತ್ತ ನೆರೆ. ಬಾಗಿಲಿಗೆ ದೋಣಿಯಲ್ಲಿ ಹೋಗಬೇಕು. ಒಳಗೆ ಟೋಬಿ, ಅಲೆಕ್ಸಾಂಡರ್, ಲಿನೆಟ್ ಎಂಬ ಮೂವರು ಮಕ್ಕಳ ಸದ್ದು, ನಗು. ಮೂವರೂ 1665ರ ಪ್ಲೇಗಿನಲ್ಲಿ ಸತ್ತವರು. ಮುತ್ತಜ್ಜಿ ಹೆದರುವುದಿಲ್ಲ, ಹುಡುಗನಿಂದ ಮುಚ್ಚಿಡುವುದೂ ಇಲ್ಲ. ಸ್ವಲ್ಪ ನಾಚಿಕೆಯ ಮಕ್ಕಳು, ರೂಢಿಯಾದರೆ ಬರುತ್ತಾರೆ ಎಂಬಂತೆ ಇರುತ್ತಾಳೆ. ಎಲ್ಲಿಗೂ ಸೇರದ ಹುಡುಗ ಆ ಸತ್ತ ಮಕ್ಕಳ ಜೊತೆ ಆಡುತ್ತಲೇ ಮನೆಯವನಾಗುತ್ತಾನೆ.

ಆ ಮನೆಯ ಕಲ್ಲುಗೋಡೆಗಳು 1130ರ ದಶಕದವು; ಇಂದಿಗೂ ಅಲ್ಲಿ ಒಲೆ ಉರಿಯುತ್ತದೆ. ಅಟ್ಟದ ಕೋಣೆಯಲ್ಲಿ ಕಥೆಯ ಮರದ ಕುದುರೆ ಇದೆ. ಕೆಳಗಿನ ಮಹಡಿಯಲ್ಲಿ ದೊಡ್ಡ ಕಹಳೆಯ ಗ್ರಾಮೊಫೋನ್. ಯುದ್ಧದ ದಿನಗಳಲ್ಲಿ ವಾಯುಪಡೆಯ ಹುಡುಗರನ್ನು ಕೂರಿಸಿಕೊಂಡು ಬಾಸ್ಟನ್ ಅದರಲ್ಲಿ ಸಂಗೀತ ಕೇಳಿಸುತ್ತಿದ್ದರಂತೆ. ಮಗಳು ಕುದುರೆಯ ಎದುರು ಬಹಳ ಹೊತ್ತು ಸುಮ್ಮನೆ ನಿಂತಿದ್ದಳು. ಯಾರನ್ನೋ ಕಾಯುತ್ತಿದ್ದಳು ಎಂದು ನನಗೆ ಆಮೇಲೆ ಹೊಳೆಯಿತು.

ನಾನು ಬೆಳೆದದ್ದು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದ ಕಾಲದಲ್ಲಿ. ನಮ್ಮ ಕಥೆಗಳಲ್ಲಿ ಸತ್ತವರು ಮನೆಯಲ್ಲಿ ಉಳಿದರೆ ಅದು ದೋಷ. ಪ್ರಶ್ನೆ ಇಡಿಸಬೇಕು, ಹೋಮ ಮಾಡಿಸಬೇಕು, ನಿಂಬೆಹಣ್ಣು ಕೊಯ್ದು ಹೊಸ್ತಿಲಾಚೆ ಎಸೆಯಬೇಕು. ಸ್ವಂತ ಹಿರಿಯರಿಗೂ ಪಕ್ಷಮಾಸದಲ್ಲಿ ಒಂದು ಹೊತ್ತಿನ ಊಟ: ಕರೆದು, ಬಡಿಸಿ, ಕೈಮುಗಿದು ಕಳುಹಿಸಿಬಿಡುತ್ತೇವೆ. ವಡೆ ಕಾಗೆಗೆ ಮುಟ್ಟಿತೋ, ಮುಗಿಯಿತು. ಬರುವ ವರ್ಷದವರೆಗೆ ತಲೆಹಾಕುವಂತಿಲ್ಲ. ಆ ಎಲೆಯೂ ದೊಡ್ಡವರಿಗೆ. ಹಾಲುಹಲ್ಲಿನಲ್ಲೇ ಹೋದ ಮಕ್ಕಳಿಗೆ ತಿಥಿಯಿಲ್ಲ, ಫೋಟೋ ಇಲ್ಲ, ಹೆಸರು ಎತ್ತುವುದೂ ಇಲ್ಲ.

ಹಾಗಾಗಿ ಮಗಳ ಪ್ರಶ್ನೆಗೆ ಉತ್ತರವಿರಲಿಲ್ಲ. ನೆನಪಿಗೆ ಬಂದದ್ದು ಅಟ್ಟದ ಮೇಲಿದ್ದ ತೊಟ್ಟಿಲು ಮಾತ್ರ. ಅಡಿಕೆ ಮೂಟೆಗಳ ಹಿಂದೆ ಇತ್ತು, ಮುಟ್ಟಿದರೆ ಅಜ್ಜಿ ಗದರುತ್ತಿದ್ದರು. ಯಾರದು ಎಂದು ಯಾರೂ ಹೇಳಲಿಲ್ಲ. ಈಗ ಆ ಅಟ್ಟವೇ ಇಲ್ಲ. ಪಾಲಾದ ಮೇಲೆ ತೊಟ್ಟಿಮನೆಯನ್ನು ಕೆಡವಿದೆವು. ಹಲಸಿನ ಕಂಬಗಳನ್ನು ಹಳೆಯ ಸಾಮಾನಿನ ವ್ಯಾಪಾರಿ ಲಾರಿಗೆ ಹೇರಿಕೊಂಡು ಹೋದ. ಯಾವ ರೆಸಾರ್ಟಿನ ಜಗುಲಿಯಲ್ಲಿ ನಿಂತಿವೆಯೋ. ಇಲ್ಲಿ ಒಂಬೈನೂರು ವರ್ಷದ ಗೋಡೆಯನ್ನು ಉಳಿಸಿಕೊಂಡು ಅದಕ್ಕೊಂದು ಮಕ್ಕಳ ಕಥೆಯನ್ನೂ ಕಟ್ಟಿದ್ದಾರೆ. ನಾವು ನೂರು ವರ್ಷದ ಮನೆಯನ್ನು ಜೆಸಿಬಿಗೆ ಕೊಟ್ಟು ತಾರಸಿ ಹಾಕಿಸಿ, ಗೃಹಪ್ರವೇಶದ ಫೋಟೋ ಹಂಚಿಕೊಂಡೆವು.

ಮನೆ ಹೋದರೇನು ಎನ್ನಬಹುದು. ಇದೇ ಕೇಂಬ್ರಿಜ್ ಸೀಮೆಯ ಫಿಲಿಪ್ಪಾ ಪಿಯರ್ಸ್ 1958ರಲ್ಲಿ ಬರೆದ ‘ಟಾಮ್ಸ್ ಮಿಡ್‌ನೈಟ್ ಗಾರ್ಡನ್’ನಲ್ಲಿ ದೊಡ್ಡ ಮನೆ ಆಗಲೇ ಬಾಡಿಗೆ ಫ್ಲ್ಯಾಟುಗಳಾಗಿ ಒಡೆದಿದೆ. ತೋಟದ ಜಾಗದಲ್ಲಿ ಕಸದ ಡಬ್ಬಗಳಿವೆ. ಆದರೂ ಗಡಿಯಾರ ಹದಿಮೂರು ಬಡಿದಾಗ ಟಾಮ್ ಹಿಂಬಾಗಿಲು ತೆರೆದರೆ ತೋಟ ಇದೆ, ಹ್ಯಾಟಿ ಎಂಬ ಹುಡುಗಿಯೂ ಇದ್ದಾಳೆ. ಆ ತೋಟ ಉಳಿದಿದ್ದದ್ದು ಮೇಲಿನ ಅಂತಸ್ತಿನ ಸಿಡುಕು ಮುದುಕಿಯ ಕನಸಿನಲ್ಲಿ. ಅವಳೇ ಆ ಹ್ಯಾಟಿ. ಮನೆಯ ಮಾಲೀಕಳಾದ ಅವಳಿಗೆ ಎಲ್ಲರೂ ಹೆದರುತ್ತಾರೆ, ಮಾತನಾಡಿಸುವವರಿಲ್ಲ.

ನಮಗೂ ಅಂಥವರೊಬ್ಬರಿದ್ದಾರೆ. ಸೋದರತ್ತೆ, ಎಂಬತ್ತೆರಡು, ಶಿವಮೊಗ್ಗದಲ್ಲಿ ಮಗನ ಮನೆಯಲ್ಲಿ. ಆ ಭಾನುವಾರ ಫೋನಿನಲ್ಲಿ, ಮಳೆ, ಮೊಣಕಾಲು, ಅಡಿಕೆ ದರ ಎಲ್ಲ ಮುಗಿದ ಮೇಲೆ ಅಳುಕುತ್ತ ಕೇಳಿದೆ: ಅಟ್ಟದ ತೊಟ್ಟಿಲು ಯಾರದು? ಮೌನವನ್ನು ನಿರೀಕ್ಷಿಸಿದ್ದೆ.

“ಸುಬ್ಬಿಯದು. ಇನ್ಯಾರದು?” ಎಂದರು ಅತ್ತೆ.

ಆಮೇಲೆ ನಿಲ್ಲಿಸಲೇ ಇಲ್ಲ. ಅತ್ತೆಗಿಂತ ಐದು ವರ್ಷ ಚಿಕ್ಕವಳು. ಬೆಳ್ಳಿ ಲೋಟವನ್ನು ಬಾವಿಗೆ ಹಾಕಿ, ಮುಳುಗುವ ಸದ್ದು ಕೇಳಲು ಇನ್ನೊಂದನ್ನೂ ಹಾಕಿದವಳು. ಕರುವಿನ ಕಿವಿಯಲ್ಲಿ ಗುಟ್ಟು ಹೇಳುತ್ತಿದ್ದಳು. ನಾಲ್ಕನೆಯ ವರ್ಷ ಸಿಡುಬು. ಹೋದ ಮೇಲೂ ಅಜ್ಜಿ ಎಷ್ಟೋ ದಿನ ರಾತ್ರಿ ಒಂದು ತುತ್ತು ಹಾಲನ್ನ ತೆಗೆದಿಡುತ್ತಿದ್ದರಂತೆ, ಬೆಕ್ಕಿಗೆ ಎಂದು. “ನಮ್ಮ ಮನೆಯಲ್ಲಿ ಬೆಕ್ಕೇ ಇರಲಿಲ್ಲ ಕಣೋ.”

ಇಷ್ಟು ವರ್ಷ ನನಗೇಕೆ ಹೇಳಲಿಲ್ಲ ಎಂದೆ. “ನೀನು ಯಾವಾಗ ಕೇಳಿದ್ದೆ?”

ತೊಟ್ಟಿಲು ಏನಾಯಿತು ಎಂದರೆ, ಗೆದ್ದಲು ಹಿಡಿದಿತ್ತು, ಬಚ್ಚಲ ಒಲೆಗೆ ಹೋಯಿತು ಎಂದರು. ದನಿಯಲ್ಲಿ ಮರುಕವಿರಲಿಲ್ಲ. ಮನೆ ಕೆಡವಬಾರದಿತ್ತು ಎಂದು ನಾನು ಶುರು ಮಾಡಿದ್ದಕ್ಕೆ ಬೈದೇಬಿಟ್ಟರು. ಆ ಅಡುಗೆಮನೆಯ ಹೊಗೆಯಲ್ಲಿ ನಿನ್ನ ಅಮ್ಮ ಕೆಮ್ಮಿದ್ದು ನಿನಗೆ ಗೊತ್ತೇ, ಸೋರುವ ಹಂಚಿನಡಿ ಪಾತ್ರೆ ಇಟ್ಟವರು ಯಾರು, ಎರಡು ವರ್ಷಕ್ಕೊಮ್ಮೆ ಬಂದು ಕಂಬ ತಬ್ಬಿಕೊಂಡು ಫೋಟೋ ತೆಗೆಸಿಕೊಂಡವನು ಯಾರು? ಕೊನೆಗೆ, “ನಿಮ್ಮ ಇಂಗ್ಲಿಷರ ಮನೆಯಲ್ಲಿ ಕಸ ಗುಡಿಸುವವರು ಯಾರು?” ನಾನು ಕೇಳಿಕೊಂಡು ಬಂದಿರಲಿಲ್ಲ.

ಮೇಲೆ ಬರೆಯದೆ ಬಿಟ್ಟ ಒಂದು ಸಂಗತಿಯನ್ನೂ ಒಪ್ಪಿಕೊಳ್ಳಬೇಕು. ಲೂಸಿ ಬಾಸ್ಟನ್ ಆ ಮನೆಯಲ್ಲಿ ಹುಟ್ಟಿದವರಲ್ಲ. 1939ರಲ್ಲಿ ದುಡ್ಡು ಕೊಟ್ಟು ಕೊಂಡವರು. ತಲೆಮಾರುಗಳಿಂದ ಅಲ್ಲೇ ಬಾಳಿದ ಮನೆತನ, ಆ ಮೂವರು ಮಕ್ಕಳು, ಎಲ್ಲ ಅವರ ಕಲ್ಪನೆ. ಮುಂದಿನ ಪುಸ್ತಕಗಳಲ್ಲಿ ಪಿಂಗ್ ಎಂಬ ಚೀನೀ ನಿರಾಶ್ರಿತ ಹುಡುಗನಿಗೂ ಆ ಮನೆಯಲ್ಲಿ ಜಾಗ ಸಿಗುತ್ತದೆ. ನನಗೆ ಬೆಕ್ಕಿನ ಹೆಸರಿನ ಹಾಲನ್ನದಷ್ಟು ನಿಜವಾದದ್ದೇ ಇತ್ತು. ಅದನ್ನು ಕೇಳಲು ಯಾರದೋ ಊರಿನಲ್ಲಿ ಟಿಕೆಟ್ ಕೊಂಡು ಮರದ ಕುದುರೆ ನೋಡಿ ಬರಬೇಕಾಯಿತು. ಆದರೂ ಹೆಸರನ್ನು ಅಷ್ಟು ವರ್ಷ ನುಂಗಿಕೊಂಡ ನಮ್ಮ ರೀತಿಯ ಮೇಲಿನ ಸಿಟ್ಟು ನನಗಿನ್ನೂ ಪೂರ್ತಿ ಇಳಿದಿಲ್ಲ.

ಮಗಳಿಗೆ ಹೇಳಿದೆ. ನಾಲ್ಕು ವರ್ಷದವಳೆಂದರೆ ತನಗಿಂತ ಚಿಕ್ಕವಳು ಎಂದು ಲೆಕ್ಕ ಹಾಕಿ, ಬಾವಿ ಎಷ್ಟು ಆಳ ಎಂದು ಕೇಳಿದಳು. ಅದೂ ನನಗೆ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಅತ್ತೆಯೇ ಫೋನ್ ಮಾಡಿದರು. ಮಳೆಯ ಮಾತಿಲ್ಲ, ಮೊಣಕಾಲಿನ ಮಾತಿಲ್ಲ. “ಇನ್ನೊಂದು ನೆನಪಾಯಿತು, ಮಗುವನ್ನು ಕರೆ” ಎಂದರು.