ಅವರೆಕಾಯಿ ಬಿಡಿಸುತ್ತಾ ಕುಮಾರವ್ಯಾಸ

ಹಳೆಯ ಕಾವ್ಯ ಓದಬೇಕೆಂದು ಆಸೆಪಟ್ಟು ಪುಸ್ತಕ ಕೊಂಡು, ಹತ್ತು ಪುಟಕ್ಕೇ ಕೈಚೆಲ್ಲಿದವರ ಪೈಕಿ ನಾನೂ ಒಬ್ಬಳು. ಕುಮಾರವ್ಯಾಸ ಬರೆದ ‘ಗದುಗಿನ ಭಾರತ’ದ ನನ್ನ ಪ್ರತಿ ಹನ್ನೊಂದು ವರ್ಷ ಕಪಾಟಿನಲ್ಲೇ ಇತ್ತು. ಗುರುತಿಗೆಂದು ಇಟ್ಟ ಬಸ್ ಟಿಕೆಟ್ ಮೊದಲ ಸಂಧಿಯಲ್ಲೇ, ಅಂದರೆ ಮೊದಲ ಅಧ್ಯಾಯದಲ್ಲೇ, ಹಳದಿಗಟ್ಟಿತ್ತು. ಆ ಕನ್ನಡ ನನಗೆ ಬರುವುದಿಲ್ಲ ಎಂದುಕೊಂಡಿದ್ದೆ. ಶಾಲೆಯೂ ಹಾಗೆಯೇ ನಂಬಿಸಿತ್ತು: ಪದ್ಯವನ್ನು ಬಿಟ್ಟು ಗೈಡಿನ ಸಾರಾಂಶ ಬಾಯಿಪಾಠ ಮಾಡಿದರೆ ಅಂಕ ಬರುತ್ತಿತ್ತಲ್ಲ.

ನನ್ನನ್ನು ಓಡಿಸಿದ ಪದ್ಯ ಇದು:

ವೇದಪುರುಷನ ಸುತನ ಸುತನ ಸ
ಹೋದರನ ಹೆಮ್ಮಗನ ಮಗನ ತ
ಳೋದರಿಯ ಮಾತುಳನ ಮಾವನನತುಳಭುಜಬಲದಿ
ಕಾದಿ ಗೆಲಿದನನಣ್ಣನವ್ವೆಯ
ನಾದಿನಿಯ ಜಠರದಲಿ ಜನಿಸಿದ
ನಾದಿ ಮೂರುತಿ ಸಲಹೊ ಗದುಗಿನ ವೀರನಾರಯಣ

ಈಗ ಸಮಾಧಾನವಾಗಿ ನೋಡಿ. ನಿಘಂಟು ಬೇಕಾಗುವ ಪದಗಳು ಎಷ್ಟಿವೆ? ತಳೋದರಿ ಎಂದರೆ ತೆಳುಹೊಟ್ಟೆಯ ಚೆಲುವೆ, ಮಾತುಳ ಎಂದರೆ ಸೋದರಮಾವ, ಅತುಳ ಎಂದರೆ ಸಾಟಿಯಿಲ್ಲದ್ದು. ಅಷ್ಟೇ. ಅಣ್ಣ, ಅವ್ವೆ, ನಾದಿನಿ ನಮ್ಮ ಮನೆಯವರೇ. ಕಷ್ಟ ಇರುವುದು ಪದದಲ್ಲಲ್ಲ, ಪದ ಕತ್ತರಿಸುವುದರಲ್ಲಿ. ಭಾಮಿನಿ ಷಟ್ಪದಿ ಎಂಬ ಈ ಛಂದಸ್ಸಿನಲ್ಲಿ ಆರೂ ಸಾಲುಗಳ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕು. ಇಲ್ಲಿ ಅದು ‘ದ’. ಆ ಪ್ರಾಸಕ್ಕಾಗಿ ‘ಸಹೋದರ’ನ ‘ಸ’ ಒಂದು ಸಾಲಿನ ತುದಿಗೆ ಬಿದ್ದಿದೆ, ‘ಹೋದರ’ ಮುಂದಿನ ಸಾಲಿಗೆ ಹೋಗಿದೆ. ‘ಮಾವನನತುಳ’ ಎಂಬುದು ‘ಮಾವನನು ಅತುಳ’. ‘ಗೆಲಿದನನಣ್ಣನವ್ವೆಯ’ ಎಂಬ ಭೂತವನ್ನು ಬಿಡಿಸಿದರೆ ‘ಗೆದ್ದವನ ಅಣ್ಣನ ಅವ್ವೆಯ’. ಕಣ್ಣಿಗೆ ಇದೆಲ್ಲ ಮುಳ್ಳುಬೇಲಿ, ಕಿವಿಗೆ ಏನೂ ಅಲ್ಲ.

ಇದು ನನಗೆ ಗೊತ್ತಾದದ್ದು ಅಡುಗೆಮನೆಯಲ್ಲಿ. ಎರಡು ವರ್ಷದ ಹಿಂದಿನ ಚಳಿಗಾಲ, ಮೂರು ಕಿಲೋ ಸೊಗಡವರೆ. ಬಿಡಿಸಬೇಕು, ನೆನೆಸಬೇಕು, ಒಂದೊಂದೇ ಕಾಳನ್ನು ಹಿತುಕಬೇಕು. ಕೈಗೆ ಪುರುಸೊತ್ತಿಲ್ಲ, ಕಿವಿ ಖಾಲಿ. ಮೊಬೈಲಿನಲ್ಲಿ ಗಮಕ ವಾಚನದ ಧ್ವನಿಮುದ್ರಣವೊಂದನ್ನು ಹಾಕಿ ಕುಳಿತೆ. ಒಬ್ಬರು ಪದ್ಯ ಹಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಹಾಡುವವರು ಅರ್ಥಕ್ಕೆ ತಕ್ಕಂತೆ ಪದ ಬಿಡಿಸಿಕೊಂಡೇ ಹಾಡುತ್ತಾರೆ. ನಾನು ಮಾಡಬೇಕಾಗಿದ್ದ ಅರ್ಧ ಕೆಲಸ ಅಲ್ಲೇ ಮುಗಿದಿತ್ತು.

ಆ ರಾತ್ರಿ ಕಪಾಟಿನಿಂದ ಪುಸ್ತಕ ತೆಗೆದು ಈ ಪದ್ಯವನ್ನು ಗಟ್ಟಿಯಾಗಿ ಓದಿದೆ. ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ನಾನೂ ಮಗಳೂ ವಂಶವೃಕ್ಷ ಬರೆದೆವು. ವೇದಪುರುಷನೆಂದರೆ ವಿಷ್ಣು. ಅವನ ಮಗ ಬ್ರಹ್ಮ, ಬ್ರಹ್ಮನ ಮಗ ನಾರದ, ಸಹೋದರ ಮರೀಚಿ, ಅವನ ಮೊಮ್ಮಗ ಇಂದ್ರ, ಅವನ ಮಗ ಅರ್ಜುನ. ಅರ್ಜುನನ ಹೆಂಡತಿ ಸುಭದ್ರೆ, ಅವಳ ಸೋದರಮಾವ ಕಂಸ, ಕಂಸನ ಮಾವ ಜರಾಸಂಧ. ಅವನನ್ನು ಕಾದಾಡಿ ಗೆದ್ದವನು ಭೀಮ, ಭೀಮನ ಅಣ್ಣ ಧರ್ಮರಾಯ, ಅವನ ತಾಯಿ ಕುಂತಿ, ಅವಳ ನಾದಿನಿ ದೇವಕಿ. “ಅಮ್ಮಾ, ಕೃಷ್ಣ!” ಎಂದು ಮಗಳು ಕೂಗಿದಳು. ವಿಷ್ಣುವಿನಿಂದ ಹೊರಟು ಇಡೀ ಬಳಗ ಸುತ್ತಿ ಮತ್ತೆ ವಿಷ್ಣುವಿನ ಬಾಗಿಲಿಗೇ ಬಂದು ನಿಲ್ಲಿಸಿದ್ದಾನೆ ಮಹಾರಾಯ. ಮದುವೆಮನೆಯಲ್ಲಿ “ನೀನು ಯಾರ ಮಗಳಮ್ಮಾ?” ಎಂದು ಶುರುಮಾಡಿ ಏಳು ಮನೆ ದಾಟಿಸುವ ಅಜ್ಜಿಯರ ವಿದ್ಯೆ ಇದು.

ಆದ್ದರಿಂದ ಕೇಳಿದವರಿಗೆಲ್ಲ ನಾನು ಹೇಳುವುದು: ಮೊದಲ ಪುಟದಿಂದ ಶುರುಮಾಡಬೇಡಿ, ಪೀಠಿಕೆಯ ಸ್ತುತಿಗಳಲ್ಲೇ ಮುಗ್ಗರಿಸುತ್ತೀರಿ. ವಿರಾಟಪರ್ವಕ್ಕೆ ಹೋಗಿ. ಮಳೆ ಬರಲೆಂದು ಊರುಗಳಲ್ಲಿ ಓದಿಸುತ್ತಿದ್ದ ಪರ್ವ ಅದು. ಹೆಂಗಸರ ಮುಂದೆ ಜಂಬ ಕೊಚ್ಚಿ, ಕೌರವರ ಸೇನೆ ಕಂಡೊಡನೆ ರಥದಿಂದ ಧುಮುಕಿ ಓಡುವ ಉತ್ತರಕುಮಾರ ಅಲ್ಲಿ ಸಿಗುತ್ತಾನೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಗೊತ್ತಿದ್ದವರಿಗೆ ಅವನನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ.

ಹೊಸಗನ್ನಡ ಗದ್ಯಾನುವಾದವನ್ನೇ ಮೊದಲು ಓದಿ ಎನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಕಥೆ ನಮಗೆ ಮೊದಲೇ ಗೊತ್ತಿದೆ. ಕುಮಾರವ್ಯಾಸನ ಹತ್ತಿರ ಹೋಗುವುದು ಅವನ ಮಾತಿಗೆ, ಗದ್ಯದಲ್ಲಿ ಕಳೆದುಹೋಗುವುದೇ ಅದು. ಅನುವಾದವನ್ನು ಪಕ್ಕದಲ್ಲಿಟ್ಟುಕೊಂಡು, ಸಿಕ್ಕಿಬಿದ್ದಾಗ ಇಣುಕಿ ನೋಡಿದರೆ ಸಾಕು. ಮೂಲಪಠ್ಯ ವಿಕಿಸೋರ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ.

ಪಂಪನಿಂದಲೇ ಆರಂಭಿಸುವ ಹಟವೂ ಬೇಡ. ಅವನು 10ನೆಯ ಶತಮಾನದವನು, ಕುಮಾರವ್ಯಾಸ ಅವನಿಗಿಂತ ಸುಮಾರು ಐನೂರು ವರ್ಷ ನಮಗೆ ಹತ್ತಿರ. ಸಂಸ್ಕೃತದ ಛಂದಸ್ಸಿನಲ್ಲಿರುವ ಪಂಪನ ವೃತ್ತಪದ್ಯಗಳ ಮುಂದೆ ನಾನು ಇನ್ನೂ ತಡವರಿಸುತ್ತೇನೆ. ಎಲ್. ಬಸವರಾಜು ಅವರ ‘ಸರಳ ಪಂಪಭಾರತ’ ತಂದಿಟ್ಟುಕೊಂಡಿದ್ದೇನೆ, ಅದರ ಸರದಿ ಬರಲಿ.

ಎಲ್ಲವೂ ಅದ್ಭುತ ಎಂದೂ ಹೇಳುವುದಿಲ್ಲ. ಯುದ್ಧಪರ್ವಗಳಲ್ಲಿ ಬಾಣದ ಮೇಲೆ ಬಾಣ, ರಥದ ಮೇಲೆ ರಥ ಬರುವ ಕಡೆ ನಾನು ಸಂಕೋಚವಿಲ್ಲದೆ ಪುಟ ಹಾರಿಸಿದ್ದೇನೆ. ‘ಪದವಿಟ್ಟಳುಪದೊಂದಗ್ಗಳಿಕೆ’, ಅಂದರೆ ಬರೆದದ್ದನ್ನು ಅಳಿಸದಿರುವುದೇ ತನ್ನ ಹಿರಿಮೆ ಎಂದು ಕೊಚ್ಚಿಕೊಂಡವನು ಅವನು. ಕೆಲವು ಕಡೆ ಅಳಿಸಬಹುದಿತ್ತು ಸ್ವಾಮಿ ಎನ್ನಿಸುತ್ತದೆ.

ಸದ್ಯ ದ್ರೋಣಪರ್ವದ ನಡುವೆ ಸಿಕ್ಕಿಕೊಂಡಿದ್ದೇನೆ. ಬಸ್ ಟಿಕೆಟ್ ಅಲ್ಲಿಗೆ ವರ್ಗವಾಗಿದೆ. ಅಭಿಮನ್ಯು ಚಕ್ರವ್ಯೂಹದ ಒಳಗೆ ಹೋಗಿದ್ದಾನೆ, ಮುಂದಿನ ಸಂಧಿ ತೆರೆಯಲು ಮನಸ್ಸು ಬರುತ್ತಿಲ್ಲ.